ಒಂದೇ ಕಥೆ, ಎರಡು ಸಿನಿಮಾ: ನೋಡಿದವರನ್ನು ನಾನು ಕೇಳಿದ್ದು ಹೀಗೆ

ಇಬ್ ಮೆಲ್ಕಿಯರ್ 1964ರಲ್ಲಿ 'ದಿ ಟೈಮ್ ಟ್ರಾವೆಲರ್ಸ್' ಅಂತ ಒಂದು ಸಿನಿಮಾ ಮಾಡಿದರು. ಅದರ ಕಥೆ ಬರೆಯುವಾಗ ಅವರ ಜೊತೆಗಿದ್ದವರು ಡೇವಿಡ್ ಹೆವಿಟ್. ಈ ಹೆವಿಟ್ ಮೂಲತಃ ಸ್ಟೇಜ್ ಮೇಲೆ ಜಾದೂ ಮಾಡುತ್ತಿದ್ದವರು, ಸಿನಿಮಾದ ಟ್ರಿಕ್ ಕೆಲಸವೂ ಅವರದೇ. ಮೂರು ವರ್ಷ ಆದಮೇಲೆ, 1967ರಲ್ಲಿ, ಅವರೇ ನಿರ್ದೇಶಕರಾಗಿ 'ಜರ್ನಿ ಟು ದಿ ಸೆಂಟರ್ ಆಫ್ ಟೈಮ್' ಮಾಡಿದರು. ಹೆಸರು ಬೇರೆ, ಪಾತ್ರಗಳ ಹೆಸರೂ ಬೇರೆ, ಆದರೆ ಹಂದರ ಹೆಚ್ಚುಕಡಿಮೆ ಅದೇ. ರೀಮೇಕ್ ಅಂತ ಎಲ್ಲೂ ಹಾಕಿಕೊಂಡಿಲ್ಲ, ನೋಡಿದವರೆಲ್ಲ ಹಾಗೇ ಕರೆಯುತ್ತಾರೆ. ಮೊದಲನೆಯದೂ ದೊಡ್ಡ ದುಡ್ಡಿನ ಸಿನಿಮಾ ಏನಲ್ಲ. ಎರಡನೆಯದರಲ್ಲಿ ಆ ದುಡ್ಡೂ ಇರಲಿಲ್ಲ ಅನ್ನುವುದು ಪರದೆ ಮೇಲೆ ಕಾಣುತ್ತದೆ.

ನಾನು ಮನೆಯಲ್ಲಿ ಪ್ರೊಜೆಕ್ಟರ್ ಇಟ್ಟುಕೊಂಡು ಆಗಾಗ ಬಂಧು ಬಳಗ, ಅಕ್ಕಪಕ್ಕದವರನ್ನು ಕೂರಿಸಿ ಹಳೇ ಸಿನಿಮಾ ಹಾಕುತ್ತೇನೆ. ಅದರ ಜೊತೆಗೊಂದು ಚಟ. ನೋಡಿದವರು ಏನಂದರು ಅನ್ನುವುದನ್ನು ಬರೆದಿಟ್ಟುಕೊಳ್ಳುವುದು. ನನ್ನ ಅಭಿಪ್ರಾಯ ನನಗೆ ಗೊತ್ತೇ ಇರುತ್ತದೆ, ಅದರಲ್ಲಿ ಏನು ಮಜಾ? ಈ ಎರಡು ಸಿನಿಮಾ ಸಿಕ್ಕಾಗ ಒಂದು ಆಸೆ ಬಂತು. ಕಥೆ ಒಂದೇ, ಕೆಲಸ ಮಾಡಿದವರಲ್ಲಿ ಒಬ್ಬರು ಎರಡಕ್ಕೂ ಇದ್ದಾರೆ, ನಡುವಿನ ಅಂತರ ಮೂರೇ ವರ್ಷ, ಭಾಷೆಯೂ ಅದೇ. ಹಾಗಾದರೆ ಜನ ಎರಡನೆಯದನ್ನು ಬೈದರೆ ಅದು ಕಡಿಮೆ ದುಡ್ಡಿಗೋ, ಬೇರೆ ಯಾವುದಕ್ಕೋ ಅಂತ ಬಿಡಿಸಿ ನೋಡಬಹುದಲ್ವಾ?

ನಮ್ಮಲ್ಲಿ ರೀಮೇಕ್ ಅಂದ ತಕ್ಷಣ ತಮಿಳಿನದೋ ತೆಲುಗಿನದೋ ಕನ್ನಡಕ್ಕೆ ಬಂತು ಅಂತ ಅರ್ಥ. ಆಗ ಜಗಳ ಬೇರೆಯೇ. ನಮ್ಮ ನೇಟಿವಿಟಿ ಇದೆಯಾ, ಹೀರೋಗೆ ಒಪ್ಪುತ್ತಾ, ಮೂಲ ನೋಡಿದವರು ಯಾಕೆ ಮತ್ತೆ ಟಿಕೆಟ್ ತಗೋಬೇಕು, ಇದೇ ಮಾತು. ಇಲ್ಲಿ ಅದ್ಯಾವುದೂ ಇಲ್ಲ. ದುಡ್ಡು ಮತ್ತು ಕೈಚಳಕ, ಉಳಿಯುವುದು ಇವೆರಡೇ.

ಹಾಕುವ ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳಬೇಕಿತ್ತು. ಹಳೇ ಸಿನಿಮಾ ಬಗ್ಗೆ ಜನ ಹೇಳುವ ಅರ್ಧ ದೂರು ಸಿನಿಮಾದ್ದಲ್ಲ, ಪ್ರಿಂಟಿನದು. ನನಗೆ ಸಿಕ್ಕ ಮೂಲದ ಪ್ರತಿ ಚೊಕ್ಕವಾಗಿತ್ತು. ರೀಮೇಕ್‌ನದು ಬಣ್ಣ ಕೆಟ್ಟು ಕಂದು ಹಿಡಿದಿತ್ತು, ಸೌಂಡ್ ಡಬ್ಬದೊಳಗಿಂದ ಬಂದ ಹಾಗೆ. ಹೀಗೇ ಹಾಕಿದರೆ ಎರಡನೆಯದು ಶುರುವಾಗುವ ಮೊದಲೇ ಸೋತ ಹಾಗೆ. ಅದಕ್ಕೆ ಒಳ್ಳೆ ಪ್ರತಿಯನ್ನೇ ಕೆಳಗಿಳಿಸಿದೆ. ರೆಸಲ್ಯೂಷನ್ ತಗ್ಗಿಸಿ, ಬಣ್ಣ ಸ್ವಲ್ಪ ಮಂಕು ಮಾಡಿ, ಎರಡನ್ನೂ ಒಂದೇ ಸ್ಪೀಕರ್‌ನಲ್ಲಿ ಒಂದೇ ವಾಲ್ಯೂಮಿಗೆ ಇಟ್ಟೆ. ಚೆನ್ನಾಗಿರುವುದನ್ನು ಕೆಡಿಸುತ್ತೀಯಲ್ಲೋ ಅಂತ ಸಿನಿಮಾ ಹುಚ್ಚಿನ ಗೆಳೆಯನೊಬ್ಬ ಬೈದ. ಬೈಯಲಿ. ಹೋಲಿಸಿ ಅಂತ ಹೇಳುವಾಗ ತಕ್ಕಡಿ ಸಮ ಇರಬೇಕು.

ಕನ್ನಡ ಸಬ್‌ಟೈಟಲ್ ನಾನೇ ಹಾಕಿಕೊಂಡೆ. ನಮ್ಮತ್ತೆ ಮತ್ತು ಅವರ ವಯಸ್ಸಿನವರು ಇಂಗ್ಲಿಷ್ ಹಿಂಬಾಲಿಸುವುದಿಲ್ಲ, ಅವರ ಅಭಿಪ್ರಾಯ ಇಲ್ಲದೆ ನನಗೆ ಇದೆಲ್ಲ ಬೇಡ. ಸಾಲು ಚಿಕ್ಕದಾಗಿರಬೇಕು. ವಿಜ್ಞಾನಿಗಳು ನಿಂತು ನಿಂತು ವಿವರಿಸುವ ಕಡೆ ಅರ್ಧ ಮಾತು ಬಿಟ್ಟರೂ ನಷ್ಟವಿಲ್ಲ. ರೀಮೇಕ್‌ನಲ್ಲಿ ಅಂಥ ಮಾತು ತುಂಬಾ ಜಾಸ್ತಿ ಅನ್ನುವುದು ನನಗೆ ಸಬ್‌ಟೈಟಲ್ ಹಾಕುವಾಗಲೇ ಗೊತ್ತಾಗಿತ್ತು.

ಆಮೇಲೆ ಜನರನ್ನು ಎರಡು ಗುಂಪು ಮಾಡಿದೆ. ಒಂದು ಗುಂಪಿಗೆ ಮೂಲ ಮೊದಲು, ಇನ್ನೊಂದಕ್ಕೆ ರೀಮೇಕ್ ಮೊದಲು, ನಡುವೆ ವಾರ ಬಿಟ್ಟು. ಯಾವುದು ಮೊದಲು ಬಂದದ್ದು, ಯಾವುದು ಆಮೇಲೆ ಬಂದದ್ದು ಅಂತ ಹೇಳಲಿಲ್ಲ. 'ಕಡಿಮೆ ಬಜೆಟ್' ಅನ್ನುವ ಮಾತನ್ನಂತೂ ಬಾಯಿಗೇ ತರಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಪಾಪ ಅಂತ ಮಾರ್ಕ್ಸ್ ಕೊಡುತ್ತಾರೆ, ಇಲ್ಲವೇ ಮೊದಲ ನಿಮಿಷದಿಂದ ನಗಲು ಕಾಯುತ್ತಾರೆ. ಎರಡೂ ನನಗೆ ಉಪಯೋಗವಿಲ್ಲ.

ಪ್ರಶ್ನೆಗಳ ಬಗ್ಗೆಯೂ ಸ್ವಲ್ಪ ಹೇಳಬೇಕು. "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಲೇ ಉತ್ತರ. ಮನೆಗೆ ಕರೆದು ಚುರುಮುರಿ ಕೊಟ್ಟವನ ಮುಖ ನೋಡಿಕೊಂಡು ಬೇರೆ ಏನು ಹೇಳುತ್ತಾರೆ? ಐದರಲ್ಲಿ ಎಷ್ಟು ಅಂದರೆ ಮೂರು, ಮೂರೂವರೆ. ಹಾಗಾಗಿ ನಾನು ಕೇಳುವುದು ಬೇರೆ ತರಹ. ಫೋನ್ ಮುಟ್ಟಿದ್ದು ಯಾವ ಸೀನಿನಲ್ಲಿ? ಕಣ್ಣು ಮುಚ್ಚಿದರೆ ಈಗ ಯಾವ ಚಿತ್ರ ಬರುತ್ತದೆ? ಎಲ್ಲಿ ನಕ್ಕಿರಿ, ಅದು ಸಿನಿಮಾ ನಗಿಸಿದ್ದೋ, ಸಿನಿಮಾ ನೋಡಿ ನೀವು ನಕ್ಕದ್ದೋ? ಯಾರಿಗೆ ಏನಾಗುತ್ತೋ ಅಂತ ಭಯ ಆಯಿತು? ಸಣ್ಣ ಚೀಟಿ ಕೊಟ್ಟು ಬರೆಸಿಕೊಳ್ಳುತ್ತೇನೆ, ಮಾತು ಶುರುವಾಗುವ ಮೊದಲು. ಒಬ್ಬರು ಗಟ್ಟಿಯಾಗಿ "ಬೋರು ಕಣ್ರೀ" ಅಂದುಬಿಟ್ಟರೆ ಆಮೇಲೆ ಯಾರಿಗೂ ಇಷ್ಟವಾಗಿರುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮೂಲದಲ್ಲಿ ವಿಜ್ಞಾನಿಗಳು ಭವಿಷ್ಯ ನೋಡುವ ಒಂದು ಪರದೆ ಮಾಡಿಕೊಂಡಿರುತ್ತಾರೆ. ನೋಡುತ್ತಾ ನೋಡುತ್ತಾ ಅದು ಪರದೆಯಲ್ಲ, ಬಾಗಿಲು, ಒಳಗೆ ಕಾಲಿಡಬಹುದು ಅಂತ ಗೊತ್ತಾಗುತ್ತದೆ. 107 ವರ್ಷ ಮುಂದಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅಣುಯುದ್ಧ ಆಗಿ ಭೂಮಿ ಬರಡಾಗಿದೆ, ಉಳಿದವರು ನೆಲದಡಿಯಲ್ಲಿ ಕೂತು ಬೇರೆ ನಕ್ಷತ್ರದ ಕಡೆ ಹೊರಡಲು ರಾಕೆಟ್ ಕಟ್ಟುತ್ತಿದ್ದಾರೆ, ಈ ಬಂದವರಿಗೆ ಅದರಲ್ಲಿ ಜಾಗವಿಲ್ಲ. ರೀಮೇಕ್‌ನಲ್ಲಿ ಬಾಗಿಲಿಲ್ಲ. ಕೋಣೆಯಂಥ ಯಂತ್ರದೊಳಗೆ ಕೂತು 5000 ವರ್ಷ ಮುಂದಕ್ಕೆ, 6968ಕ್ಕೆ ಹೋಗುತ್ತಾರೆ. ಅಲ್ಲಿ ಅನ್ಯಗ್ರಹದವರಿದ್ದಾರೆ, ಯುದ್ಧವಿದೆ. ಅಲ್ಲಿಂದ ಓಡಿ ಹಿಂದಕ್ಕೆ ಹೋಗಿ ಹತ್ತು ಲಕ್ಷ ವರ್ಷದ ಹಿಂದೆ ಬೀಳುತ್ತಾರೆ.

ಈಗ ಚೀಟಿಗಳಿಗೆ ಬರುತ್ತೇನೆ. ಮೂಲದ ಬಗ್ಗೆ ಹೆಚ್ಚು ಜನ ಬರೆದ ಚಿತ್ರ ಯುದ್ಧದ್ದಲ್ಲ, ರಾಕೆಟ್‌ನದೂ ಅಲ್ಲ. ಆಂಡ್ರಾಯ್ಡ್‌ನ, ಅಂದರೆ ಮನುಷ್ಯನ ರೂಪದ ಯಂತ್ರದ, ತಲೆ ಬದಲಾಯಿಸುವ ಸೀನು. ಕತ್ತಿನಿಂದ ತಲೆ ಎತ್ತಿ ತೆಗೆಯುತ್ತಾರೆ, ಬೇರೆ ತಲೆ ಕೂರಿಸುತ್ತಾರೆ, ಕ್ಯಾಮೆರಾ ಮುಂದೆಯೇ, ಕಟ್ ಮಾಡಿ ಜೋಡಿಸಿದ್ದಲ್ಲ. ಹೆವಿಟ್ ಸ್ಟೇಜ್ ಮೇಲೆ ಮಾಡುವ ಜಾದೂವನ್ನೇ ಇಲ್ಲಿ ತಂದಿದ್ದಾರೆ. ನಮ್ಮ ಕೆಳಗಿನ ಮನೆಯ ರಾಯರು ಕಂಪನಿ ನಾಟಕ ನೋಡಿ ಬೆಳೆದವರು. ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಯನ್ನೇ ಸ್ಟೇಜ್‌ಗೆ ತಂದ ಕಥೆ ಹೇಳಲು ಶುರುಮಾಡಿದರೆ ನಿಲ್ಲಿಸುವುದಿಲ್ಲ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಹಾಕಪ್ಪಾ, ಇದು ಟ್ರಿಕ್ ಸೀನು, ಮೇಜಿನ ಕೆಳಗೆ ಇನ್ನೊಬ್ಬ ಇದಾನೆ ನೋಡು" ಅಂದರು. ಹಾಕಿದೆ. ಮೇಜಿನ ಕೆಳಗೆ ಯಾರೂ ಕಾಣಲಿಲ್ಲ. ಮತ್ತೆ ಹಾಕಿಸಿದರು.

ಇನ್ನೊಂದು ಬಣ್ಣದ ಸೀನು. ಭವಿಷ್ಯದ ಜನ ಒಂದು ವಾದ್ಯ ನುಡಿಸುತ್ತಾರೆ, ಅದರಿಂದ ಬಣ್ಣದ ಬೆಳಕು ಹೊಮ್ಮುತ್ತದೆ. ಅದು ಸೆಟ್ಟಿಗೆ ಅಂತ ಮಾಡಿದ ಆಟಿಕೆಯಲ್ಲ. ಜರ್ಮನಿಯಿಂದ ಬಂದ ಕಲಾವಿದ ಆಸ್ಕರ್ ಫಿಶಿಂಗರ್ ಮಾಡಿದ ನಿಜವಾದ ಯಂತ್ರ, ಲ್ಯೂಮಿಗ್ರಾಫ್ ಅಂತ. ರಬ್ಬರಿನಂಥ ಪರದೆಯನ್ನು ಹಿಂದಿನಿಂದ ಕೈಯಲ್ಲಿ ಒತ್ತಿದರೆ ಒತ್ತಿದ ಕಡೆ ಮಾತ್ರ ಬೆಳಕು ಹಿಡಿಯುತ್ತದೆ. ಕ್ಯಾಮೆರಾ ಹಿಂದೆ ಇದ್ದವರು ವಿಲ್ಮೋಸ್ ಸಿಗ್ಮಂಡ್. ಮುಂದೆ 1977ರ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್'ಗೆ ಆಸ್ಕರ್ ತಗೊಂಡವರು. ಅಂದರೆ ದುಡ್ಡು ಕಡಿಮೆ ಇದ್ದರೂ ಮೂಲದವರ ಹತ್ತಿರ ಕೈ ಇತ್ತು, ಜಾದೂಗಾರನದು, ಚಿತ್ರಗಾರನದು, ಕ್ಯಾಮೆರಾದವನದು. ನಮ್ಮತ್ತೆ ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: "ಬಣ್ಣದ ವೀಣೆ ಚೆನ್ನಾಗಿತ್ತು, ಗಲಾಟೆ ಬೇಡವಾಗಿತ್ತು."

ರೀಮೇಕ್‌ನ ಚೀಟಿಗಳಲ್ಲಿ ಫೋನ್ ಮುಟ್ಟಿದ ಜಾಗ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಹಿಂದಕ್ಕೆ ಹೋಗುವಾಗ ಪರದೆ ಮೇಲೆ ಇತಿಹಾಸದ ಯುದ್ಧಗಳು ಒಂದಾದ ಮೇಲೊಂದು ಬರುತ್ತವಲ್ಲ, ಅಲ್ಲಿ. ಯಾವ್ಯಾವುದೋ ಹಳೇ ಚಿತ್ರದ ತುಣುಕು ತಂದು ಅಂಟಿಸಿದ್ದಾರೆ. ನಟರು ಕೂತು ಅದನ್ನು ನೋಡುತ್ತಾರೆ, ಅವರು ನೋಡುವುದನ್ನು ನಾವು ನೋಡುತ್ತೇವೆ. ತಮಾಷೆ ಅಂದರೆ, ಅದನ್ನು ಬೈದವರಲ್ಲಿ ಅಗ್ಗ ಅಂತ ಬೈದವರು ತೀರಾ ಕಮ್ಮಿ. "ಇವರಿಗೆ ಏನೂ ಆಗ್ತಾ ಇಲ್ಲ" ಅನ್ನುವುದೇ ದೂರು. ಮೂಲದ ಬಾಗಿಲಿನ ಸೀನಿನಲ್ಲೂ ಇರುವುದು ಒಂದು ಚೌಕಟ್ಟು, ಆಚೆ ಒಂದಿಷ್ಟು ಕಲ್ಲು ಮಣ್ಣು, ಅಷ್ಟೇ. ಆದರೆ ಒಬ್ಬ ಕಾಲು ಒಳಗೆ ಇಡುತ್ತಾನೆ. ಅವನ ಹಿಂದೆ ಇನ್ನೊಬ್ಬರು ಹೋಗಬೇಕಾಗುತ್ತದೆ, ಬಾಗಿಲು ಮುಚ್ಚಿಹೋಗುತ್ತದೆ. ಅಲ್ಲಿ ಯಾರೂ ಫೋನ್ ಮುಟ್ಟಿಲ್ಲ. ಎರಡಕ್ಕೂ ಖರ್ಚು ಅಂಥದ್ದೇನಿಲ್ಲ, ನನ್ನ ಲೆಕ್ಕದಲ್ಲಿ ಇಡೀ ವ್ಯತ್ಯಾಸ ಇಲ್ಲೇ ಇದೆ.

ಹಲ್ಲಿ ವಿಷಯ. ಹತ್ತು ಲಕ್ಷ ವರ್ಷದ ಹಿಂದೆ ಒಂದು ದೈತ್ಯ ಪ್ರಾಣಿ ಬರುತ್ತದೆ. ಹಲ್ಲಿ ಜಾತಿಯದನ್ನೇ ದೊಡ್ಡದಾಗಿ ತೋರಿಸಿದ್ದಾರೆ. ಅಣ್ಣನ ಮಗಳು ಅದು ಬಂದ ಕೂಡಲೇ "ಚಿಕ್ಕಪ್ಪಾ, ಇದು ನಮ್ಮ ಕಾಂಪೌಂಡ್ ಮೇಲಿರೋ ಓತಿಕ್ಯಾತ ಅಲ್ವಾ" ಅಂದಳು, ಮನೆಯೆಲ್ಲ ನಗು. ಇದನ್ನು ನಾನು ಕೆಟ್ಟ ಅಭಿಪ್ರಾಯ ಅಂತ ಲೆಕ್ಕಕ್ಕೆ ತಗೊಂಡಿಲ್ಲ. ಯಾಕೆಂದರೆ "ಯಾವ ಚಿತ್ರ ನೆನಪಿದೆ" ಅನ್ನುವ ಪ್ರಶ್ನೆಗೆ ವಾರ ಆದಮೇಲೂ ಹಲವರು ಹಲ್ಲಿ ಅಂತಲೇ ಹೇಳಿದರು, ಖುಷಿಯಿಂದ. ಅಗ್ಗದ್ದು ಅಂತ ಗೊತ್ತಾದರೂ ಜನ ಕ್ಷಮಿಸುತ್ತಾರೆ, ಕ್ಷಮಿಸುವುದೇನು, ಪ್ರೀತಿಯನ್ನೇ ಮಾಡುತ್ತಾರೆ. ಅವರು ಕ್ಷಮಿಸದೇ ಇರುವುದು ಖಾಲಿ ಹೊತ್ತನ್ನು.

ನಾನು ನಿರೀಕ್ಷೆ ಮಾಡದೇ ಇದ್ದದ್ದು ಸ್ಟಾನ್‌ಟನ್ ವಿಷಯ. ರೀಮೇಕ್‌ನಲ್ಲಿ ಸ್ಕಾಟ್ ಬ್ರೇಡಿ ಮಾಡಿರುವ ಪಾತ್ರ, ಸಂಸ್ಥೆಯ ಹೊಸ ಯಜಮಾನ. ವಿಜ್ಞಾನಿಗಳ ಮುಂದೆ ನಿಂತು, ಫಲಿತಾಂಶ ಎಲ್ಲಿ, ಇಲ್ಲದಿದ್ದರೆ ದುಡ್ಡು ನಿಲ್ಲಿಸುತ್ತೇನೆ ಅಂತ ಗಡುವು ಕೊಡುತ್ತಾನೆ. ಆ ಗಡಿಬಿಡಿಯಲ್ಲೇ ಯಂತ್ರ ಕೈಮೀರಿ ಹೋಗುವುದು. ಮೂಲದಲ್ಲಿ ಈ ಮನುಷ್ಯ ಇಲ್ಲ. ಐಟಿಯಲ್ಲಿರುವ ಹುಡುಗರು ಈ ಸೀನಿಗೆ ಎದ್ದು ಕೂತರು. "ಸಾರ್, ಇದು ನಮ್ಮ ಸೋಮವಾರದ ಮೀಟಿಂಗ್" ಅಂತ ಒಬ್ಬ. ಇನ್ನೊಬ್ಬ ಚೀಟಿಯಲ್ಲಿ, ಭಯ ಆಗಿದ್ದು ಅನ್ಯಗ್ರಹದವರನ್ನು ನೋಡಿ ಅಲ್ಲ, ಸ್ಟಾನ್‌ಟನ್ ನೋಡಿ ಅಂತ ಬರೆದಿದ್ದ. ಕೊನೆಕೊನೆಗೆ ಇವನು ಉಳಿದವರನ್ನು ಬಿಟ್ಟು ತಾನೊಬ್ಬನೇ ಯಂತ್ರ ಹತ್ತಿ ಓಡುತ್ತಾನೆ. ಬರುವಾಗ ದಾರಿಯಲ್ಲಿ ಇವರಿಗೆ ಎದುರಾಗಿದ್ದ ಇನ್ನೊಂದು ಯಂತ್ರ ಯಾವುದು ಅಂತ ಆಗ ಹೊಳೆಯುತ್ತದೆ. ಅದೇ ಇದು. ಈ ತಿರುವು ಮೂಲದಲ್ಲಿ ಇಲ್ಲ, ಇದಕ್ಕೆ ಖರ್ಚೂ ಆಗಿರಲಾರದು. ಇದು ಗೊತ್ತಾದ ಕ್ಷಣ ಮನೆಯಲ್ಲಿ "ಓಹ್" ಅಂತ ಒಂದು ಸದ್ದು ಬಂತು. ಎರಡೂ ಗುಂಪಿನಲ್ಲಿ ಬಂತು. ರೀಮೇಕ್ ಅಂದರೆ ಬರೀ ನಕಲು ಅನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಯಾವುದು ಮೊದಲು ನೋಡಿದರು ಅನ್ನುವುದು ಎಷ್ಟು ಕೆಲಸ ಮಾಡುತ್ತದೆ ಅಂತ ಆಮೇಲೆ ಚೀಟಿ ಹರಡಿಕೊಂಡು ಕೂತಾಗ ಕಂಡಿತು. ರೀಮೇಕ್ ಮೊದಲು ನೋಡಿದವರು ಅದನ್ನು ಒಂದು ಹಳೇ ಕಾಲದ ಮಜವಾದ ಕಥೆ ಅಂತ ನೋಡಿದ್ದಾರೆ. ಅವರಿಗೆ ಬೇಸರ ಬಂದಿದ್ದು ಆ ಯುದ್ಧದ ತುಣುಕುಗಳಲ್ಲಿ ಮತ್ತು ನಡುವಿನ ಮಾತುಗಳಲ್ಲಿ ಮಾತ್ರ. ಮೂಲ ಮೊದಲು ನೋಡಿದವರು ಬರೆದದ್ದೆಲ್ಲ ಇಲ್ಲದ್ದರ ಪಟ್ಟಿ. ಬಾಗಿಲಿಲ್ಲ, ಆಂಡ್ರಾಯ್ಡ್ ಇಲ್ಲ, ಬಣ್ಣದ ವಾದ್ಯ ಇಲ್ಲ. ಪರದೆ ಮೇಲೆ ಇದ್ದದ್ದನ್ನು ಅವರು ನೋಡಿದ್ದೇ ಕಮ್ಮಿ. ಲೈಲ್ ವ್ಯಾಗನರ್ ಅನ್ನುವ ನಟ, ಮುಂದೆ ಅಮೆರಿಕದ ಟಿವಿಯಲ್ಲಿ ಹೆಸರು ಮಾಡಿದವರು, ಇಲ್ಲಿ ಅನ್ಯಗ್ರಹದವರಲ್ಲಿ ಒಬ್ಬರಾಗಿ ನಿಂತಿದ್ದಾರೆ, ಅಷ್ಟು ಎತ್ತರದ ಮನುಷ್ಯನನ್ನೇ ಯಾರೂ ಗಮನಿಸಿರಲಿಲ್ಲ. ಹಿರಿಯ ವಿಜ್ಞಾನಿಯಾಗಿರುವ ಅಬ್ರಹಾಂ ಸೋಫೇರ್ ಅವರನ್ನು ಮಾತ್ರ ಎರಡೂ ಗುಂಪಿನವರು ಮೆಚ್ಚಿದ್ದರು. ಹುಟ್ಟಿದ್ದು ರಂಗೂನಿನಲ್ಲಿ. ದನಿ ಎಂಥದ್ದು ಅಂದರೆ, ಏನು ಹೇಳುತ್ತಿದ್ದಾರೆ ಅಂತ ತಿಳಿಯದಿದ್ದರೂ ನಂಬಬೇಕು ಅನಿಸುತ್ತದೆ.

"ಆ ಕಾಲಕ್ಕೆ ಅಷ್ಟೇ ಆಗೋದು ಬಿಡಿ" ಅನ್ನುವ ಮಾತು ಎಲ್ಲ ಹಳೇ ಸಿನಿಮಾಕ್ಕೂ ಬರುತ್ತದೆ, ಇದಕ್ಕೂ ಬಂತು. ನಾನು ಒಪ್ಪುವುದಿಲ್ಲ. ಇದಕ್ಕಿಂತ ಮೂರು ವರ್ಷ ಹಳೆಯ ಮೂಲವೇ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ. 1966ರಲ್ಲಿ ಅಮೆರಿಕದ ಟಿವಿಯಲ್ಲಿ 'ಸ್ಟಾರ್ ಟ್ರೆಕ್' ಶುರುವಾಗಿತ್ತು, ಅದೇ ವರ್ಷ 'ದಿ ಟೈಮ್ ಟನಲ್' ಧಾರಾವಾಹಿಯೂ ಬಂತು. ಜನ ಮನೆಯಲ್ಲೇ ಕೂತು ಪುಕ್ಕಟೆ ಇಂಥದ್ದನ್ನು ವಾರವಾರ ನೋಡುತ್ತಿದ್ದಾಗ ಈ ಸಿನಿಮಾ ಬಂದಿದ್ದು. ಮರುವರ್ಷ 1968ರಲ್ಲಿ '2001: ಎ ಸ್ಪೇಸ್ ಒಡಿಸ್ಸಿ'. ಹಾಗಾಗಿ ಕಾಲದ ಮೇಲೆ ಹಾಕಬೇಡಿ. ಇದು ಆ ಕಾಲದಲ್ಲೂ ಬಡ ಸಿನಿಮಾನೇ.

ನಮ್ಮ ಕಡೆಯವರು ಹೋಲಿಸುವುದಕ್ಕೆ ಎಲ್ಲಿಗೆ ಹೋಗುತ್ತಾರೆ ಅಂತ ಹೇಳಬೇಕಿಲ್ಲ. ತೆಲುಗಿನ 'ಆದಿತ್ಯ 369'. 1991ರದು, ಸಿಂಗೀತಂ ಶ್ರೀನಿವಾಸ ರಾವ್ ಅವರದು. ರಾಜ್‌ಕುಮಾರ್ ಅವರ ಸಿನಿಮಾಗಳನ್ನು ಮಾಡಿದವರು ಅಂತ ನಮಗೂ ಅವರು ಹತ್ತಿರದವರೇ. ಅದರಲ್ಲಿ ಯಂತ್ರ ಹೋಗುವುದು ಕೃಷ್ಣದೇವರಾಯನ ಕಾಲಕ್ಕೆ, ಆಮೇಲೆ 2504ಕ್ಕೆ. ನಮ್ಮ ಗುಂಪಿನ ಒಬ್ಬ ಅಕ್ಕ ಹೇಳಿದ ಮಾತು ನನಗೆ ಸರಿ ಅನ್ನಿಸಿತು: "ಅವರು ರಾಯರ ಆಸ್ಥಾನಕ್ಕೆ ಹೋದ್ರೆ ಅಲ್ಲಿ ಯಾರ ಜೊತೆಗಾದ್ರೂ ಮಾತಾಡ್ತಾರೆ, ಜಗಳ ಆಡ್ತಾರೆ. ಇವರು ಗುಹೆಗೆ ಹೋಗಿ ಗುಹೆ ನೋಡ್ತಾರೆ ಅಷ್ಟೇ." ಚೀಟಿಗಳಲ್ಲಿ ನೂರೆಂಟು ತರಹ ಬರೆದಿದ್ದನ್ನು ಅಕ್ಕ ಎರಡೇ ಮಾತಿನಲ್ಲಿ ಹೇಳಿಬಿಟ್ಟರು.

ವಾರ ಆದಮೇಲೆ ಮತ್ತೆ ಕೇಳುತ್ತೇನೆ ಅಂದೆನಲ್ಲ, ಅದನ್ನು ಬಿಡಬೇಡಿ, ನೀವೂ ಇಂಥದ್ದು ಮಾಡುವುದಾದರೆ. ಅಂದಿನ ಬೈಗುಳ ಅರ್ಧ ಕರಗಿರುತ್ತದೆ. ಸೆಟ್ಟು, ಬಣ್ಣ, ವೇಷ ಇವುಗಳ ದೂರು ಮೊದಲು ಹೋಗುತ್ತದೆ. ಬೇಸರದ ನೆನಪು ಹೋಗುವುದಿಲ್ಲ. ಫೋನಿನಲ್ಲಿ ಸುಮ್ನೆ ಮಾತಾಡಿಸುವಾಗ ನಡುವೆ ಕೇಳಿದರೆ ಸಾಕು, ಮತ್ತೆ ಚೀಟಿ ಹಿಡಿದುಕೊಂಡು ಹೋಗಬೇಡಿ, ಇನ್‌ಕಂ ಟ್ಯಾಕ್ಸಿನವರು ಬಂದರು ಅಂತಾರೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಲ್ಲಿ ಇನ್ನೂ ಒಮ್ಮತವಿಲ್ಲ. ಮೂಲದ ಕೊನೆ. ಕಥೆ ಮುಗಿಯಿತು ಅನ್ನುವಾಗ ಇಡೀ ಸಿನಿಮಾ ಮೊದಲಿನಿಂದ ಮತ್ತೆ ಓಡುತ್ತದೆ, ಚಿಕ್ಕ ಚಿಕ್ಕ ತುಂಡುಗಳಾಗಿ, ಪ್ರತಿ ಸಲ ಇನ್ನೂ ವೇಗವಾಗಿ. ಅಂದರೆ ಅವರು ಆ ಸುತ್ತಿನಿಂದ ಹೊರಗೇ ಬರುವುದಿಲ್ಲ. ಐಟಿ ಹುಡುಗರು ಚಪ್ಪಾಳೆ ತಟ್ಟಿದರು. ರಾಯರು, ಆಗಲೇ ತೆಗೆದ ರೀಲನ್ನೇ ಮತ್ತೆ ಓಡಿಸಿದ್ದಾರೆ, ಇದೂ ದುಡ್ಡು ಉಳಿಸೋ ಐಡಿಯಾನೇ ಅಂದರು. ಹಾಗಾದರೆ ರೀಮೇಕ್‌ನವರು ಯುದ್ಧದ ತುಣುಕು ಅಂಟಿಸಿದ್ದಕ್ಕೆ ಯಾಕೆ ಬೈದಿರಿ ಅಂತ ಹುಡುಗರನ್ನು ಕೇಳಿದರು. ಹುಡುಗರ ಹತ್ತಿರ ಉತ್ತರ ಇತ್ತು. ರಾಯರು ಒಪ್ಪಲಿಲ್ಲ. ಮುಂದಿನ ಸಲ 1960ರ 'ದಿ ಟೈಮ್ ಮಷೀನ್' ಮತ್ತು ಅದೇ ಕಥೆಯನ್ನು 1978ರಲ್ಲಿ ಅಮೆರಿಕದ ಟಿವಿಗೆ ಅಂತ ಕಮ್ಮಿ ಖರ್ಚಿನಲ್ಲಿ ಮಾಡಿದ್ದು, ಎರಡನ್ನೂ ಹಾಕೋಣ ಅಂತ ಇದ್ದೇನೆ. ಟಿವಿಯದನ್ನು ಮೊದಲು ಹಾಕುತ್ತೇನೆ, ಎರಡೂ ಗುಂಪಿಗೆ. ರಾಯರಿಗೆ ಇದನ್ನು ಇನ್ನೂ ಹೇಳಿಲ್ಲ.